ಮೊಣಕಾಲ ಕೆಳಗಿನ ಫೈನಲ್

ಕೂಪರೇಜ್ ಮೈದಾನದ ಹೊರಗೆ, ಗೋಣಿತಟ್ಟಿನ ಬೇಲಿಯ ಮಗ್ಗುಲಿಗೆ
ನಮ್ಮಜ್ಜ ಭರಮಣ್ಣ ಕೂರುತ್ತಿದ್ದ.
ಅಥಣಿಯಿಂದ ತಂದದ್ದು ಒಂದು ಆರಿ, ಒಂದು ರಂಪಿಗೆ,
ಮತ್ತೆ ಯಾರನ್ನೇ ಆಗಲಿ ಕಾಲಿನಿಂದ ಓದತೊಡಗುವ ಚಾಳಿ.
"ಮುಖ ಸುಳ್ಳು ಹೇಳತೈತಿ, ಹಿಮ್ಮಡ ಹೇಳಂಗಿಲ್ಲ"
ಅನ್ನುತ್ತಿದ್ದ, ತುಟಿಯಲ್ಲಿ ಮೊಳೆ ಕಚ್ಚಿಕೊಂಡೇ.

ಆ ವರ್ಷ ದೇಶದ ದೊಡ್ಡ ಕಪ್ಪಿನ ಕೊನೆಯಾಟ.
ಒಂದೇ ಸೋಲಿಗೆ ಗಂಟುಮೂಟೆ ಕಟ್ಟಬೇಕಾದ ಪಂದ್ಯಾವಳಿ;
ಮಿಕ್ಕವರೆಲ್ಲ ರೈಲು ಹತ್ತಿಯಾಗಿತ್ತು.
ಉಳಿದದ್ದು
ಗೋರಾ ಪಲ್ಟನ್ನಿನ ಹನ್ನೊಂದು ಜೋಡಿ ಬೂಟು,
ಬೆಂಗಳೂರು ದಂಡಿನ ಗಲ್ಲಿಗಳಿಂದ ಬಂದ
ಇಪ್ಪತ್ತೆರಡು ಬರಿಗಾಲು.

ಬೆಳಿಗ್ಗೆಯಿಂದ ಕೊಲಾಬಾದ ಕಡೆ ಮೋಡ.
ಮಳೆ ಬಂದರೆ ಅಂಗಾಲು ಜಾರುತ್ತದೆ, ಬೂಟಿನ ಗುಬುಟು ನೆಲ ಹಿಡಿಯುತ್ತದೆ,
ಇಷ್ಟು ಫುಟ್‌ಬಾಲು ಅಜ್ಜನಿಗೂ ಗೊತ್ತು.
ಮಳೆ ಬಂದರೆ ಅಟ್ಟೆ ಬಾಯಿ ಬಿಡುತ್ತದೆ, ಉಂಗುಟ ಕೀಳುತ್ತದೆ,
ಸಂಜೆಗೆ ಎಂಟಾಣೆ ಹೆಚ್ಚಿಗೆ.
ಅದೂ ಗೊತ್ತು.
ಆದರೂ ಮುಗಿಲಿಗೆ ಕೈಮುಗಿದು
"ಇವತ್ತೊಂದ್ ದಿನ ತಡಿಯವ್ವಾ" ಅಂದನಂತೆ.
ಸ್ವಂತ ಹೊಟ್ಟೆಯ ವಿರುದ್ಧ ಅವನು ಬೇಡಿಕೊಂಡದ್ದು ಅದೊಂದೇ ಸಲ.

ಗೋಣಿ ಹರಿದದ್ದು ಕೆಳಗೆ, ಕೂತವನ ಕಣ್ಣಿನೆತ್ತರಕ್ಕೆ.
ಹಾಗಾಗಿ ಅಜ್ಜ ನೋಡಿದ ಫೈನಲ್
ಬರೀ ಮೊಣಕಾಲ ಕೆಳಗಿನದು.
ಯಾರ ಮುಖವೂ ಇಲ್ಲ. ಒಣಹುಲ್ಲು,
ಎಣ್ಣೆ ಕುಡಿದ ಕಪ್ಪು ಬೂಟು, ಅವುಗಳ ನಡುವೆ
ಬಿಳಿ ಪಟ್ಟಿ ಸುತ್ತಿದ ಕಣಕಾಲುಗಳು ಹೊಲಿಗೆಯ ಹಾಗೆ
ಒಳಗೆ ಹೋಗಿ, ಹೊರಗೆ ಬಂದು, ಮತ್ತೆ ಒಳಗೆ.

ಅರ್ಧ ಆಟಕ್ಕೆ ಚೆಂಡಿನ ಬಾಯಿ ಬಿಚ್ಚಿತು.
ಗೋಣಿ ಸರಿಸಿ ನುಸುಳಿ ಬಂದದ್ದು ಒಂದು ಬಲಗಾಲು:
ಕಿರುಬೆರಳಿಗೆ ಉಗುರಿಲ್ಲ, ಹೆಬ್ಬೆರಳು ಒಳಕ್ಕೆ ಸೊಟ್ಟ,
ಹಿಮ್ಮಡದ ಬಿರುಕಿನಲ್ಲಿ ತೊಳೆದರೂ ಹೋಗದ ಕೆಮ್ಮಣ್ಣು.
ಅದರ ಮೇಲೆ ಎಲ್ಲೋ ಒಂದು ದನಿ, ಮೊದಲು ಹಿಂದಿಯಲ್ಲಿ,
ಅಜ್ಜನ ಗೊಣಗು ಕೇಳಿದ ಮೇಲೆ ಉರ್ದು ಬೆರೆತ ಕನ್ನಡದಲ್ಲಿ,
"ಜಲ್ದಿ ಹೊಲಿದು ಕೊಡು ದೊಡ್ಡಪ್ಪಾ, ಸಾಹೇಬ್ರು ಕಾಯ್ತಾವ್ರೆ."
ತೊಡೆಯ ಮೇಲೆ ಚೆಂಡಿಟ್ಟು ಏಳು ಹೊಲಿಗೆ.
ತೊಡೆಯ ತೊಗಲಲ್ಲೇ ಕೆರ ಹೊಲಿದವರ ಕತೆ ಕೇಳಿ ಬೆಳೆದವನು;
ದುಡ್ಡು ಕೇಳಲಿಲ್ಲ.
"ಬೂಟು ಬ್ಯಾಡೇನೋ ನಿನಗ?" ಅಂದ.
"ಬೂಟು ಹಾಕಿದ್ರೆ ಚೆಂಡು ಏನಂತದೆ ಅಂತ ಕೇಳಿಸಲ್ಲ."

ಗೋಲು ಯಾರು ಹೊಡೆದರು? ಅಜ್ಜ ಕಾಣಲಿಲ್ಲ.
ಒಮ್ಮೆಲೇ ಬೂಟುಗಳೆಲ್ಲ ನಿಂತವು,
ಬರಿಗಾಲುಗಳು ನೆಲ ಬಿಟ್ಟವು,
ಅಷ್ಟರಿಂದ ತಿಳಿಯಿತು.
ಆಮೇಲೆ ಟೋಪಿ, ಛತ್ರಿ, ಸಿಳ್ಳೆ;
ಗಿರಗಾಂವದಿಂದ, ಡೋಂಗ್ರಿಯಿಂದ ಬಂದ ಜನ ಅಳುತ್ತ ನಗುತ್ತ
ಅವನ ಡಬ್ಬಿ ತುಳಿದುಕೊಂಡೇ ಹೋದರು. ಮೊಳೆಯೆಲ್ಲ ಚೆಲ್ಲಿತು.
ಎಷ್ಟಕ್ಕೆ ಎಷ್ಟು?
ಒಂದು ದೀಪಾವಳಿಗೆ ಒಂದು–ಸೊನ್ನೆ ಅಂದ,
ಮುಂದಿನ ದೀಪಾವಳಿಗೆ ಎರಡು–ಒಂದು.
ಹೊಲಿಗೆ ಮಾತ್ರ ಯಾವಾಗಲೂ ಏಳು.

ಮರುದಿನ ಪಲ್ಟನ್ನಿನ ಆರ್ಡರ್ಲಿ ಮೂತಿ ಒಡೆದ ಬೂಟೊಂದನ್ನು ತಂದ.
ಅದನ್ನೂ ಅದೇ ದಾರದಲ್ಲಿ ಹೊಲಿದ. ಎರಡಾಣೆ ಎಣಿಸಿಕೊಂಡ.
ಮಳೆ ಬಂದದ್ದು ಆಗ.

ಧಾರಾವಿಯ ನಮ್ಮ ಖೋಲಿಯಲ್ಲಿ, ಅಟ್ಟದ ಪೆಟ್ಟಿಗೆಯಲ್ಲಿ
ಸಾಗುವಾನಿಯ ಕಾಲಚ್ಚೊಂದಿದೆ. ಬಲಗಾಲಿನದು ಮಾತ್ರ.
ಅಳತೆ ಹಿಡಿಯದೆ ಕಣ್ಣಂದಾಜಿನಲ್ಲಿ ಕೆತ್ತಿದ್ದು;
ಹುಡುಗ ಮುಂದಿನ ವರ್ಷ ಬಂದರೆ, ಮನಸ್ಸು ಬದಲಿಸಿದರೆ,
ಇರಲಿ ಅಂತ.
ಅಪ್ಪ, ನಾನು, ಮೊನ್ನೆ ನನ್ನ ಮಗಳೂ
ಪಕ್ಕದಲ್ಲಿ ಕಾಲಿಟ್ಟು ನೋಡಿದ್ದೇವೆ.
ಯಾರಿಗೂ ಹೊಂದುವುದಿಲ್ಲ.
ಹೆಬ್ಬೆರಳು ಒಳಕ್ಕೆ ಸೊಟ್ಟ.
ಕಿರುಬೆರಳ ತುದಿಯಲ್ಲಿ, ಉಗುರಿರಬೇಕಾದಲ್ಲಿ,
ಉಳಿಯಿಂದ ತೋಡಿದ
ಒಂದು ಸಣ್ಣ ತಗ್ಗು.